ಡಿಸೆಂಟ್ರಲ್ಯಾಂಡ್ ಜಮೀನಿಗೆ ಬೆಲೆ ಸೂಚ್ಯಂಕ ಕಟ್ಟಿದ ನನ್ನ ಅನುಭವ

ಡಿಸೆಂಟ್ರಲ್ಯಾಂಡ್ ಎಂಬ ವರ್ಚುವಲ್ ಲೋಕದಲ್ಲಿ ಜಮೀನಿನ ಬೆಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅಳೆಯಲು ಹೊರಟಾಗ ಅದು ಸುಲಭದ ಕೆಲಸವೆಂದೇ ನಾನು ಎಣಿಸಿದ್ದೆ. ಅಲ್ಲಿರುವುದು ಒಟ್ಟು 90,601 ಪಾರ್ಸೆಲ್‌ಗಳು, ಅಂದರೆ ಜಮೀನಿನ ತುಂಡುಗಳು; ಒಂದೊಂದೂ 16 ಮೀಟರ್ ಉದ್ದ, 16 ಮೀಟರ್ ಅಗಲ. ಮಾರಾಟಗಳೆಲ್ಲ ಇಥೀರಿಯಂ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಡಿಜಿಟಲ್ ಲೆಕ್ಕದ ಪುಸ್ತಕದಲ್ಲಿ ಬೆಲೆಯ ಸಮೇತ ದಾಖಲಾಗುತ್ತವೆ. ನಮ್ಮ ಸೈಟುಗಳ ಕ್ರಯಪತ್ರದಲ್ಲಿ ಕಾಣುವ ಮೊತ್ತವನ್ನು ಎಷ್ಟು ನಂಬಬಹುದೆಂದು ಬಲ್ಲವರಿಗೆ ಇದು ದೊಡ್ಡ ಅನುಕೂಲವಾಗಿಯೇ ತೋರುತ್ತದೆ.

ಮೊದಲು ನಾನು ತಿಂಗಳವಾರು ಸರಾಸರಿ ತೆಗೆದೆ. 2021ರ ನವೆಂಬರ್‌ನಲ್ಲಿ ಅದು ದಿಕ್ಕು ತಪ್ಪಿತು. ಅಕ್ಕಪಕ್ಕದ ಪಾರ್ಸೆಲ್‌ಗಳನ್ನು ಕೂಡಿಸಿ ಮಾಡಿದ ಎಸ್ಟೇಟ್ ಒಂದೇ ಟೋಕನ್ (ಬ್ಲಾಕ್‌ಚೈನ್‌ನಲ್ಲಿರುವ ಒಡೆತನದ ಗುರುತು) ಆಗಿರುವುದರಿಂದ ಅದರ ಮಾರಾಟವೂ ಒಂದೇ ಸಾಲಾಗಿ ದಾಖಲಾಗುತ್ತದೆ. ಫ್ಯಾಷನ್ ಸ್ಟ್ರೀಟ್ ಭಾಗದ ಎಸ್ಟೇಟ್ ಆ ತಿಂಗಳು 6,18,000 ಮಾನಾಕ್ಕೆ (ಮಾನಾ ಎಂಬುದು ಡಿಸೆಂಟ್ರಲ್ಯಾಂಡ್‌ನ ಡಿಜಿಟಲ್ ನಾಣ್ಯ), ಅಂದರೆ ಸುಮಾರು 24 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರಲ್ಲಿದ್ದವು 116 ಪಾರ್ಸೆಲ್‌ಗಳು. ಭಾಗಿಸಿದರೆ ಪಾರ್ಸೆಲ್ಲಿಗೆ ಸುಮಾರು 5,330 ಮಾನಾ. ನನ್ನ ಪಟ್ಟಿಯಲ್ಲಾದರೋ ಅದು ಒಂದೇ ತುಂಡು ಜಮೀನಿನ ಬೆಲೆಯಾಗಿ ಕುಳಿತಿತ್ತು.

ಎರಡನೆಯ ತೊಡಕು ನಾಣ್ಯದ್ದು. 2021ರ ಅಕ್ಟೋಬರ್ 28ರಂದು ಫೇಸ್‌ಬುಕ್ ಕಂಪನಿ ಮೆಟಾ ಎಂದು ಹೆಸರು ಬದಲಿಸಿಕೊಂಡ ಮೇಲೆ ಮಾನಾದ ಬೆಲೆಯೇ ಕೆಲವು ವಾರಗಳಲ್ಲಿ ಹಲವು ಪಟ್ಟು ಏರಿತು. ಡಾಲರಿನಲ್ಲಿ ಎಳೆದ ರೇಖೆ ಕಡಿದಾಗಿ ಮೇಲೇರಿದರೂ ಮಾನಾದಲ್ಲಿ ಎಳೆದ ರೇಖೆ ಅದರ ಜೊತೆಗೆ ಹೋಗಲಿಲ್ಲ. ನಾನು ಜಮೀನನ್ನು ಅಳೆಯುತ್ತಿದ್ದೇನೆಂದು ತಿಳಿದು ಬಹುಪಾಲು ನಾಣ್ಯವನ್ನೇ ಅಳೆಯುತ್ತಿದ್ದೆ. ಅಂದಿನಿಂದ ಮಾರಾಟದ ದಿನದ ದರದಲ್ಲಿ ಪರಿವರ್ತಿಸಿ ಎರಡೂ ರೇಖೆಗಳನ್ನು ಒಟ್ಟಿಗೇ ಇಡುತ್ತೇನೆ.

ಕೊನೆಗೆ ಹಿಡಿದದ್ದು ಅಮೆರಿಕದ ಮನೆಗಳ ಬೆಲೆಗೆ ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಬಳಸಿದ ಮರುಮಾರಾಟ ವಿಧಾನವನ್ನು: ಒಂದೇ ಪಾರ್ಸೆಲ್ ಎರಡು ಬಾರಿ ಮಾರಾಟವಾದಾಗ ಆ ಎರಡು ಬೆಲೆಗಳ ಲಾಗರಿದಮ್ ವ್ಯತ್ಯಾಸವನ್ನು (ಅಂದರೆ ಬೆಲೆ ಎಷ್ಟು ಪಟ್ಟು ಬದಲಾಯಿತೆಂಬುದನ್ನು) ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಅಂಥ ಜೋಡಿಗಳೆಲ್ಲದರಿಂದ ಅವಧಿವಾರು ಏರಿಳಿತವನ್ನು ರಿಗ್ರೆಶನ್ ಎಂಬ ಸಂಖ್ಯಾಶಾಸ್ತ್ರದ ಲೆಕ್ಕದ ಮೂಲಕ ಹೊರತೆಗೆಯುವುದು. ರಸ್ತೆಯ ಬದಿ, ಪ್ಲಾಜಾದ ಸಮೀಪ ಎಂಬ ಸ್ಥಳಗುಣಗಳು ಆಗ ತಾವಾಗಿಯೇ ಕಳೆದುಹೋಗುತ್ತವೆ. (ನಿರ್ದೇಶಾಂಕ ಕೊಟ್ಟು ಎಲ್ಲಿಗೆ ಬೇಕಾದರೂ ಕ್ಷಣದಲ್ಲಿ ನೆಗೆಯಬಹುದಾದ ಲೋಕದಲ್ಲಿ ರಸ್ತೆಬದಿಗೆ ಜನ ಹೆಚ್ಚು ಹಣ ಕೊಡುವುದು ನನಗೆ ಇಂದಿಗೂ ಸೋಜಿಗವೇ.) ಮನೆ ಹಳತಾಗುತ್ತದೆ, ದುರಸ್ತಿಯಾಗುತ್ತದೆ, ಪಾರ್ಸೆಲ್ ಸವೆಯುವುದಿಲ್ಲವಾದ್ದರಿಂದ ಈ ವಿಧಾನ ಇಲ್ಲಿಗೇ ಹೆಚ್ಚು ಒಪ್ಪುತ್ತದೆ. ಎಸ್ಟೇಟ್‌ಗಳನ್ನು ಮಾತ್ರ ಪೂರ್ತಿ ಬಿಟ್ಟೆ; ಒಡೆಯರು ಪಾರ್ಸೆಲ್‌ಗಳನ್ನು ಸೇರಿಸಿದರೂ ತೆಗೆದರೂ ಟೋಕನ್ ಸಂಖ್ಯೆ ಹಾಗೆಯೇ ಉಳಿಯುವುದರಿಂದ ಎರಡನೆಯ ಬಾರಿ ಮಾರಿದ್ದು ಮೊದಲು ಮಾರಿದ ಜಮೀನೇ ಎಂಬ ಖಾತರಿಯಿಲ್ಲ.

ದಾಖಲಾದ ಬೆಲೆ ನಿಜವಾಗಿದ್ದರೂ ಮಾರಾಟವೇ ಸೋಗಾಗಿರಬಹುದು. ಒಬ್ಬರೇ ತಮ್ಮ ಎರಡು ವ್ಯಾಲೆಟ್‌ಗಳ (ಬ್ಲಾಕ್‌ಚೈನ್ ಖಾತೆಗಳ) ನಡುವೆ ಜಮೀನು ದಾಟಿಸಿ ಬೆಲೆ ಉಬ್ಬಿಸಬಹುದಾದ್ದರಿಂದ, ಕೊಂಡ ವ್ಯಾಲೆಟ್‌ಗೆ ಹಣ ಎಲ್ಲಿಂದ ಬಂತೆಂದು ಹಿಂದಕ್ಕೆ ಹುಡುಕಿ, ಅದು ಮಾರಿದವರದ್ದೇ ಎಂದು ಕಂಡಾಗ ಆ ಜೋಡಿಯನ್ನು ಹೊಡೆದುಹಾಕುತ್ತೇನೆ. ಇಷ್ಟೆಲ್ಲ ಸೋಸಿದ ಮೇಲೆ ಕೆಲವು ತಿಂಗಳುಗಳಲ್ಲಿ ಬೆರಳೆಣಿಕೆಯ ಜೋಡಿಗಳಷ್ಟೇ ಉಳಿಯುತ್ತವೆ. ಅಂಥ ಕಡೆ ಮೂರು ತಿಂಗಳನ್ನು ಕೂಡಿಸುತ್ತೇನೆ. ಆಗಲೂ ಸಾಲದಿದ್ದರೆ ರೇಖೆಯನ್ನು ಎಳೆಯದೆ ಆ ಜಾಗವನ್ನು ಖಾಲಿ ಬಿಡುತ್ತೇನೆ.