ಲಿಮಿಟೆಡ್ ಸ್ಲಿಪ್ಪೋ, ಲಾಕರ್ರೋ? ಪವರ್ ಜಾಸ್ತಿ ಇರುವ ಕಾರಿಗೆ ಡಿಫರೆನ್ಷಿಯಲ್ ಆರಿಸುವುದು ಹೇಗೆ

ಪಾಂಡವಪುರದ ಹತ್ತಿರ ನಮ್ಮ ಮಾವನ ಗದ್ದೆ ಇದೆ. ನಾಟಿಗೆ ಮುಂಚೆ ಕೆಸರು ಉಳುವಾಗ ಟ್ರ್ಯಾಕ್ಟರ್ ಹೂತುಕೊಂಡರೆ ಒಂದು ಹಿಂದಿನ ಚಕ್ರ ಗಿರ್ರನೆ ತಿರುಗಿ ಬದುವಿನ ಮೇಲೆಲ್ಲ ಕೆಸರು ಎರಚುತ್ತದೆ, ಇನ್ನೊಂದು ಕಲ್ಲಿನ ಹಾಗೆ ನಿಂತಿರುತ್ತದೆ. ಮಾವ ಹಿಮ್ಮಡಿಯಲ್ಲಿ ಡಿಫ್ ಲಾಕ್ ಪೆಡಲ್ ಒತ್ತುತ್ತಾರೆ. ನಿಂತಿದ್ದ ಚಕ್ರವೂ ಉರುಳಿ ಗಾಡಿ ಎದ್ದು ಬರುತ್ತದೆ. ಬಂದ ತಕ್ಷಣ ಕಾಲು ತೆಗೀತಾರೆ, ಯಾಕಂದ್ರೆ ಲಾಕ್ ಬಿದ್ದಿದ್ದಾಗ ಟ್ರ್ಯಾಕ್ಟರ್ ಸ್ಟೇರಿಂಗ್ ಮಾತು ಕೇಳಲ್ಲ.

ನಿಮ್ಮ 300 ಎಚ್‌ಪಿ ಕಾರಿನಲ್ಲೂ ಇದೇ ಕಥೆ. ಮೈಸೂರಿನಲ್ಲಿ ಕೆ.ಆರ್. ಸರ್ಕಲ್ ಸುತ್ತುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆಯಾದ ಡಿಫರೆನ್ಷಿಯಲ್ ಇರುವುದು ಅದಕ್ಕೇ. ಮಾಮೂಲಿ ಓಪನ್ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾಗಿ ಟಾರ್ಕ್, ಅಂದ್ರೆ ತಿರುಗಿಸುವ ಬಲ, ಕೊಡುತ್ತದೆ. ತೊಂದರೆ ಅಲ್ಲೇ. ಮಳೆಯಲ್ಲಿ ಎಡ ಚಕ್ರ ರಸ್ತೆಯ ಬಿಳಿ ಪೇಂಟಿನ ಮೇಲಿದೆ, ಅದು 200 ನ್ಯೂಟನ್ ಮೀಟರಿಗೇ ಜಾರುತ್ತದೆ, ಬಲ ಚಕ್ರ ಒರಟು ಡಾಂಬರಿನ ಮೇಲೆ 1000 ತಡೆಯುತ್ತದೆ ಅಂದುಕೊಳ್ಳಿ. ಓಪನ್‌ನಲ್ಲಿ ಬಲಕ್ಕೂ 200 ಮಾತ್ರ, ಒಟ್ಟು 400. ಬಯಾಸ್ ರೇಶಿಯೋ 2.5 ಇರುವ ಹೆಲಿಕಲ್, ಅಂದ್ರೆ ಹಿಡಿತವಿರುವ ಚಕ್ರಕ್ಕೆ ಜಾರುವ ಚಕ್ರದ ಎರಡೂವರೆ ಪಟ್ಟು ಟಾರ್ಕ್ ಕೊಡಬಲ್ಲ ಗೇರ್ ಮಾದರಿಯ ಲಿಮಿಟೆಡ್ ಸ್ಲಿಪ್ ಹಾಕಿದರೆ ಬಲಕ್ಕೆ 500, ಒಟ್ಟು 700. ಪೂರ್ತಿ ಲಾಕ್ ಆದರೆ 1200.

ಹಾಗಾದ್ರೆ ಎರಡೂ ಚಕ್ರವನ್ನು ಒಂದಾಗಿ ಕಟ್ಟುವ ಲಾಕರ್ರೇ ಹಾಕಿಸೋಣ ಅನ್ನಿಸುತ್ತೆ ಅಲ್ವಾ? ಬೇಡ. ರಸ್ತೆ ಮೇಲೆ ಓಡುವ ಪವರ್‌ಫುಲ್ ಕಾರಿಗೆ ಸದಾ ಲಾಕ್ ಆಗಿರುವುದು ಅಥವಾ ತಾನಾಗೇ ಕಟಕ್ಕನೆ ಲಾಕ್ ಆಗುವುದು ಅಪಾಯ. ಚಾಮುಂಡಿ ಬೆಟ್ಟದ ಒದ್ದೆ ತಿರುವಿನಲ್ಲಿ ಎರಡೂ ಹಿಂದಿನ ಟೈರು ಒಟ್ಟಿಗೆ ಜಾರಿದರೆ ಹಿಂಭಾಗ ಹೊರಗೆ ಎಸೆದುಕೊಂಡು ಹೋಗುತ್ತದೆ. ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್‌ಗೂ ತಲೆ ಕೆಡುತ್ತದೆ. ಲಾಕರ್ ಕೆಸರಿಗೆ, ಬಂಡೆಗೆ ಸರಿ. ಕೆಲವು ಮಹೀಂದ್ರ ಥಾರ್‌ಗಳಲ್ಲಿರುವ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಕಡಿಮೆ ವೇಗದಲ್ಲಿ ಒಂದು ಚಕ್ರ ಸುಮ್ನೆ ಸುತ್ತಿದಾಗ ಹಿಡಿಯುತ್ತದೆ, ಫೋರ್ಸ್ ಗೂರ್ಖಾದಲ್ಲಿ ಡ್ರೈವರೇ ಬೇಕಾದಾಗ ಹಾಕಿ ತೆಗೆಯಬಹುದು. ಕೆಲಸ ಅಂಥದ್ದಾದರೆ ಅದನ್ನೇ ತಗೊಳ್ಳಿ.

ಉಳಿದವರಿಗೆ ಆಯ್ಕೆ ಎರಡು ಬಗೆಯ ಲಿಮಿಟೆಡ್ ಸ್ಲಿಪ್ ನಡುವೆ, ಹೆಲಿಕಲ್ ಮತ್ತು ಕ್ಲಚ್ ಪ್ಲೇಟುಗಳನ್ನು ಒತ್ತಿ ಬಿಗಿಯಾಗುವ ಪ್ಲೇಟ್ ಟೈಪ್. ದಿನಾ ಆಫೀಸಿಗೂ ಓಡಿಸಿ, ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕಿಗೂ ಹೋಗುವವರು ನನ್ನ ಮಾತು ಕೇಳಿ ಹೆಲಿಕಲ್ ಹಾಕಿಸಿ. ಟಾರ್ಸೆನ್, ಕ್ವೈಫ್ ಅನ್ನೋ ಬ್ರಾಂಡುಗಳೆಲ್ಲ ಇದೇ ಜಾತಿ. ಬರೀ ಗೇರುಗಳು, ಸವೆಯುವ ಕ್ಲಚ್ ಪ್ಲೇಟಿಲ್ಲ, ಸದ್ದಿಲ್ಲ, ಮುಂಚಕ್ರದ ಕಾರಿಗೂ ಸ್ಟೇರಿಂಗ್ ಅಷ್ಟು ಎಳೆಯಲ್ಲ. ಒಂದು ಕೊರತೆ ಇದೆ. ಒಂದು ಚಕ್ರ ನೆಲ ಬಿಟ್ಟು ಮೇಲೆದ್ದರೆ ಅಲ್ಲಿ ಟಾರ್ಕ್ ಸೊನ್ನೆ, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆಗ ಬ್ರೇಕ್ ಸ್ವಲ್ಪ ಮುಟ್ಟಿದರೆ ಇನ್ನೊಂದು ಚಕ್ರ ಎಳೆಯುತ್ತದೆ.

ಗಾಡಿ ತಿರುವಿನಲ್ಲಿ ಚಕ್ರ ಎತ್ತುತ್ತದೆ, ಡ್ರಿಫ್ಟ್ ಮಾಡ್ತೀರಿ, ಗ್ರಾವೆಲ್ ಮೇಲೆ ಓಡಿಸ್ತೀರಿ ಅಂದ್ರೆ ಪ್ಲೇಟ್ ಟೈಪೇ ಬೇಕು. ಇದರಲ್ಲಿ ಪ್ಲೇಟುಗಳನ್ನು ಸದಾ ಒತ್ತಿಟ್ಟಿರುವ ಪ್ರೀಲೋಡ್ ಇರುವುದರಿಂದ ಚಕ್ರ ಗಾಳಿಯಲ್ಲಿದ್ದರೂ ಒಂದಿಷ್ಟು ಹಿಡಿತ ಉಳಿಯುತ್ತದೆ. ಒನ್ ವೇ ಅಂದ್ರೆ ಆಕ್ಸಲರೇಟರ್ ಒತ್ತಿದಾಗ ಮಾತ್ರ ಬಿಗಿ, ಟೂ ವೇ ಅಂದ್ರೆ ಕಾಲು ಬಿಟ್ಟಾಗಲೂ ಅಷ್ಟೇ ಬಿಗಿ, ಒಂದೂವರೆ ವೇ ನಡುವಿನದು. ಹಿಂಚಕ್ರದ ಟ್ರ್ಯಾಕ್ ಕಾರಿಗೆ ನಾನು ಒಂದೂವರೆಯಿಂದ ಶುರು ಮಾಡಿ ಅಂತೀನಿ. ಟೂ ವೇ ಡ್ರಿಫ್ಟಿನವರಿಗೆ. ಪಾರ್ಕಿಂಗ್‌ನಲ್ಲಿ ನಿಧಾನಕ್ಕೆ ತಿರುಗಿಸುವಾಗ ಕಟಕಟ ಅನ್ನುತ್ತದೆ, ಅದು ಅದರ ಸ್ವಭಾವ, ಹೆದರಬೇಡಿ.

ದುಡ್ಡು ಕೊಡೋ ಮುಂಚೆ ಒಂದು ಕೆಲಸ ಮಾಡಿ. ಹಿಂಚಕ್ರದ ಕಾರಾದರೆ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಒಂದು ಚಕ್ರ ಕೈಯಲ್ಲಿ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಸಾಮಾನ್ಯವಾಗಿ ಓಪನ್. ಅದೇ ದಿಕ್ಕಿಗೆ ತಿರುಗಿದರೆ ಒಳಗೆ ಆಗಲೇ ಏನೋ ಇದೆ. ಖಾಲಿ ಜಾಗದಲ್ಲಿ ಟೈರಿನ ಗುರುತೂ ನೋಡಿ, ಒಂದೇ ಕಪ್ಪು ಗೆರೆ ಬಿದ್ದರೆ ಒಂದೇ ಚಕ್ರ ಸುತ್ತುತ್ತಿದೆ. ಎರಡು ಗೆರೆ ಬೀಳುತ್ತಿದ್ದರೆ ಡಿಫರೆನ್ಷಿಯಲ್ ಬಿಟ್ಟು ಮೊದಲು ಒಳ್ಳೆ ಟೈರಿಗೆ ಖರ್ಚು ಮಾಡಿ.

ಹಾಕಿಸುವಾಗ ಮೆಕ್ಯಾನಿಕ್ ಹತ್ತಿರ ಒಂದೇ ಪ್ರಶ್ನೆ ಕೇಳಿ, ಬ್ಯಾಕ್‌ಲ್ಯಾಶ್, ಅಂದ್ರೆ ಗೇರ್ ಹಲ್ಲುಗಳ ನಡುವಿನ ಸಡಿಲ, ಹೇಗೆ ಅಳೀತೀರಾ ಅಂತ. ಡಯಲ್ ಗೇಜ್ ತೋರಿಸಿ, ಕ್ರೌನ್ ಅನ್ನೋ ದೊಡ್ಡ ಗೇರಿನ ಹಲ್ಲಿಗೆ ಬಣ್ಣ ಹಚ್ಚಿ, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್ ಎಲ್ಲಿ ಕೂರುತ್ತದೆ ಅಂತ ನೋಡ್ತೀನಿ ಅಂದರೆ ಗಾಡಿ ಅವರ ಹತ್ತಿರ ಬಿಡಿ. ಕೈಯಲ್ಲೇ ಗೊತ್ತಾಗುತ್ತೆ ಅಂದರೆ ವಾಪಸ್ ಬನ್ನಿ. ನಾನು ಒಮ್ಮೆ ಅಂಥ ಕೈಗೆ ಕೊಟ್ಟು, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಹೌಸಿಂಗ್‌ನಿಂದ ಊಂ ಅಂತ ಕೂಗು ಕೇಳಿ, ಕ್ರೌನ್ ಪಿನಿಯನ್ ಎರಡೂ ಹೊಸದು ತಂದಿದ್ದೇನೆ.

ಪ್ಲೇಟ್ ಟೈಪಿಗೆ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಆಯಿಲ್ಲೇ ಹಾಕಬೇಕು, ತಯಾರಕರು ಹೇಳಿದ್ದರೆ ಪ್ಲೇಟುಗಳ ಉಜ್ಜಾಟ ಹದ ಮಾಡುವ ಫ್ರಿಕ್ಷನ್ ಮಾಡಿಫೈಯರ್ ಕೂಡ. ಮೊದಲು ಖಾಲಿ ಮೈದಾನದಲ್ಲಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಓಡಿಸಿ ಪ್ಲೇಟುಗಳನ್ನು ಹೊಂದಿಸಿ, ಆಮೇಲೆ ಆಯಿಲ್ ಬದಲಿಸಿ. ಒಂದೇ ಆಕ್ಸಲ್‌ನ ಎರಡು ಟೈರು ಒಂದೇ ಅಳತೆಯಲ್ಲಿರಲಿ. ಇನ್ನೊಂದು, ಒಂದು ಚಕ್ರ ಮಾತ್ರ ಜಾಕ್ ಮೇಲಿದ್ದಾಗ ಇಂಜಿನ್ ಆನ್ ಮಾಡಿ ಗೇರ್ ಹಾಕಲೇಬೇಡಿ. ನೆಲದ ಮೇಲಿರುವ ಚಕ್ರ ಎಳೆದು ಕಾರು ಜಾಕಿನಿಂದ ಹಾರಿಬಿಡುತ್ತದೆ.