ಇದ್ದಿಲ ಡ್ರಮ್ಮಿನಲ್ಲಿ ನೀರಿಟ್ಟು ಇಡೀ ರಾನ್ ಬೇಯಿಸಿದ್ದು: ನನ್ನ ಅನುಭವ

"ಕೆಂಡದ ಬಾಜು ನೀರ್ ಇಟ್ರ ಅದು ಸುಟ್ಟದ್ದಲ್ಲ, ಕುದಿಸಿದ್ದು ಆಯ್ತದ ನೋಡ್ರಿ." ಕಲಬುರಗಿಯಲ್ಲಿ ಕಬಾಬಿನ ಅಂಗೀಠಿ (ಇದ್ದಿಲ ಒಲೆ) ಮುಂದೆ ವರ್ಷಗಟ್ಟಲೆ ನಿಂತವರೆಲ್ಲ ನನಗೆ ಹೇಳಿದ್ದು ಇದನ್ನೇ. ಈಗ ಅವರಲ್ಲೇ ಇಬ್ಬರು ತಮ್ಮ ಡ್ರಮ್ಮಿಗೆ ನೀರಿನ ಟ್ರೇ ಕೂರಿಸಿಕೊಂಡಿದ್ದಾರೆ. ಸೀಕ್ ಕಬಾಬಿಗೆ ನೀರು ಬೇಡ, ಅದು ಹತ್ತು ನಿಮಿಷದ ಕೆಲಸ, ಅಲ್ಲಿಯವರೆಗೆ ಅವರ ಮಾತು ಸರಿ. ರಾನ್, ಅಂದರೆ ಎರಡು ಕಿಲೋ ತೂಗುವ ಹೋತಿನ ಇಡೀ ತೊಡೆಯನ್ನು ಆರು ತಾಸು ಬೇಯಿಸುವ ಲೆಕ್ಕ ಬೇರೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಟ್ರೇಯ ನೀರು ಖಂಡದ, ಅಂದರೆ ಮಾಂಸದ ಒಳಗೆ ಹೋಗುವುದಿಲ್ಲ. ಅದು ಮಾಡುವುದು ಎರಡೇ ಕೆಲಸ: ಉರಿಯನ್ನು ಹಿಡಿದು ನಿಲ್ಲಿಸುವುದು, ಮೇಲ್ಮೈ ಬೇಗ ಒಣಗದಂತೆ ನೋಡಿಕೊಳ್ಳುವುದು. ನಾನು ಹೆಚ್ಚು ಬೆಲೆ ಕೊಡುವುದು ಮೊದಲನೆಯದಕ್ಕೆ. ಮಣ್ಣಿನ ತಂದೂರಿಗೆ ಗೋಡೆಯ ದಪ್ಪ ಇರುತ್ತದೆ, ಕಾವು ಅದರಲ್ಲಿ ಕೂರುತ್ತದೆ. ಇನ್ನೂರು ಲೀಟರಿನ ಡ್ರಮ್ಮಿನದು ತೆಳು ತಗಡು, ಒಂದು ಗಾಳಿ ಬೀಸಿದರೆ 120 ಡಿಗ್ರಿ ಇದ್ದದ್ದು 170 ಆಗಿಬಿಡುತ್ತದೆ. ನೀರು ನೂರು ದಾಟುವುದಿಲ್ಲ, ಹೆಚ್ಚಾದ ಕಾವನ್ನೆಲ್ಲ ತಾನು ನುಂಗಿ ಆವಿಯಾಗುತ್ತದೆ. ಡ್ರಮ್ಮಿಗೆ ಇಲ್ಲದ ಆ ದಪ್ಪ ಗೋಡೆಯ ಕೆಲಸವನ್ನು ನೀರು ಮಾಡುತ್ತದೆ ಎಂದುಕೊಳ್ಳಿ.

ಡ್ರಮ್ ಅಡ್ಡ ಮಲಗಿಸಿ, ಉದ್ದಕ್ಕೆ ಸೀಳಿ, ಕೀಲು ಹಾಕಿಸಿದ್ದು. ಅಡುಗೆ ಎಣ್ಣೆಯ ಡ್ರಮ್ಮೇ ಬೇಕು, ಕೆಮಿಕಲ್ಲಿನದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಒಳಗಿನ ಬಣ್ಣ ಪೂರ್ತಿ ಹೋಗುವ ತನಕ ಕಟ್ಟಿಗೆ ಹಾಕಿ ಎರಡು ಸಲ ಸುಡಬೇಕು. ಡ್ರಮ್ಮಿಗೆ 900 ರೂಪಾಯಿ, ವೆಲ್ಡಿಂಗಿಗೆ 3,200, ಸ್ಟೀಲ್ ಟ್ರೇಗೆ 750, ವೈರಿನ ಥರ್ಮಾಮೀಟರಿಗೆ 1,100. ಆರು ಸಾವಿರದ ಆಸುಪಾಸು ಬಿತ್ತು. ಥರ್ಮಾಮೀಟರ್ ಬೇಕೇ ಬೇಕು. ಮುಚ್ಚಳದ ಮೇಲಿನ ಮುಳ್ಳಿನದು ರಾನ್ ಇಡುವ ಜಾಳಿಗೆಯ ಮಟ್ಟಕ್ಕಿಂತ 20-30 ಡಿಗ್ರಿ ಬೇರೆಯೇ ತೋರಿಸುತ್ತದೆ, ಅದನ್ನು ನಂಬಿ ಎರಡು ರಾನ್ ಕೈಬಿಟ್ಟವು.

ಹದ ಸಿಗುವ ಹೊತ್ತಿಗೆ ಒಟ್ಟು ಏಳು ರಾನ್ ಹಾಳಾದವು. ಒಂದಕ್ಕೆ ಸರಾಸರಿ 1,600ರಂತೆ ಹನ್ನೊಂದು ಸಾವಿರ ಮಟನ್ನಿಗೇ ಹೋಯಿತು. ಎಲ್ಲಿ ಹೋಯಿತು ಎಂಬುದನ್ನು ಬಿಡಿಸಿ ಹೇಳಿದರೆ ಬೇರೆಯವರ ದುಡ್ಡಾದರೂ ಉಳಿದೀತು.

ಮೊದಲ ತಪ್ಪು ಪಾತ್ರೆಯದು. ಐದು ಲೀಟರಿನ ಬೋಗಾಣಿ ತುಂಬ ನೀರಿಟ್ಟರೂ ಏನೂ ಫರಕು ಕಾಣಲಿಲ್ಲ. ಆವಿ ಏಳುವುದು ಬಾಯಿಯ ಅಗಲದಿಂದ, ಆಳದಿಂದಲ್ಲ. ರೊಟ್ಟಿ ಹಿಟ್ಟು ನಾದುವ ಪರಾತದಲ್ಲಿ ಎರಡೇ ಲೀಟರ್ ಇಟ್ಟಾಗ ಕಾವು ನಿಂತಿತು. ಆಮೇಲೆ ಮಾಡಿಸಿದ ಟ್ರೇ ಸುಮಾರು ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಮೂರು ಇಂಚು ಆಳ. ಮೊದಲು ಮಾಡಿಸಿದ್ದು ಜಿಐ ತಗಡಿನದು, ಅದನ್ನು ಎಸೆದೆ. ಅದರ ಸತುವಿನ ಲೇಪ ಕೆಂಡಕ್ಕೆ ತಾಗಿ ಕಾದರೆ ಬರುವ ಹೊಗೆ ವಿಷ. ಸ್ಟೀಲೇ ಆಗಬೇಕು.

ಎರಡನೆಯದು ತಣ್ಣೀರು. ನಾಲ್ಕು ಲೀಟರ್ ತಣ್ಣೀರು ಸುರಿದರೆ ಅದು ಕಾಯುವ ತನಕ, ಅಂದರೆ ಮುಕ್ಕಾಲು ತಾಸು, ಡ್ರಮ್ 80-90ರಲ್ಲೇ ಮಲಗಿರುತ್ತದೆ. ಗಾಬರಿಯಾಗಿ ಇದ್ದಿಲು ಹೆಚ್ಚಿಗೆ ಹಾಕುತ್ತೇವೆ, ನೀರು ಕುದಿಗೆ ಬಂದ ಕ್ಷಣ ಆ ಇದ್ದಿಲೆಲ್ಲ ಸೇರಿ 160ಕ್ಕೆ ಒಯ್ಯುತ್ತದೆ. ಅಷ್ಟೇ ಅಲ್ಲ, ಮಟನ್ ಉಗುರುಬೆಚ್ಚಗೆ ಬಹಳ ಹೊತ್ತು ಕೂತರೆ ಕೆಡುತ್ತದೆ. ನಾನೀಗ ಪಕ್ಕದ ಗ್ಯಾಸಿನ ಮೇಲೆ ನೀರು ಕುದಿಸಿಯೇ ಟ್ರೇಗೆ ಹಾಕುವುದು, ಮತ್ತೆ ಮತ್ತೆ ಸೇರಿಸುವುದೂ ಕುದಿನೀರೇ.

ಎಲ್ಲಕ್ಕಿಂತ ತಲೆ ತಿಂದದ್ದು ಚರ್ಬಿ, ಅಂದರೆ ಕೊಬ್ಬು. ಟ್ರೇ ನೇರ ರಾನಿನ ಕೆಳಗಿತ್ತು, ನೀರೂ ಇತ್ತು, ಗಾಳಿ ಕಿಂಡಿ ಮುಟ್ಟಿರಲಿಲ್ಲ. ಆದರೂ ಎರಡು ತಾಸಿನ ನಂತರ 125 ಇದ್ದದ್ದು ನಿಧಾನಕ್ಕೆ ಏರಿ 145 ಆಗುತ್ತಿತ್ತು. ಸ್ಟೀಲ್ ಸ್ಕೇಲನ್ನು ನೀರಿಗೆ ಇಳಿಸಿ ಅರ್ಧ ತಾಸಿಗೊಮ್ಮೆ ಅಳೆದಾಗ ಗುಟ್ಟು ಗೊತ್ತಾಯಿತು. ಮೊದಲು ತಾಸಿಗೆ 600 ಮಿಲಿ ಇಳಿಯುತ್ತಿದ್ದ ನೀರು ಆಮೇಲೆ 200 ಕೂಡ ಇಳಿಯುತ್ತಿರಲಿಲ್ಲ. ಬೆಳಕು ಹಿಡಿದು ನೋಡಿದರೆ ನೀರಿನ ಮೇಲೆ ಒಂದು ದಾರದಷ್ಟು ದಪ್ಪ ಚರ್ಬಿ, ಮಸಾಲೆಯ ಕೆಂಪು ಬೆರೆತು, ಟ್ರೇಯ ಅಂಚಿನಿಂದ ಅಂಚಿಗೆ ಹಾಳೆ ಹಾಸಿದಂತೆ ಕೂತಿತ್ತು. ಕೆಳಗೆ ನೀರು ಕುದಿಯುತ್ತ ಅಲ್ಲೊಂದು ಇಲ್ಲೊಂದು ಗುಳ್ಳೆ ಒಡೆದು ಬರುತ್ತಿತ್ತೇ ಹೊರತು ಆವಿ ಏಳುತ್ತಿರಲಿಲ್ಲ. ನೀರಿದ್ದೂ ನೀರಿಲ್ಲದ ಸ್ಥಿತಿ. ನೀರಿಟ್ಟು ನೋಡಿ ಉಪಯೋಗವಿಲ್ಲ ಎಂದು ಬಿಟ್ಟವರಲ್ಲಿ ಬಹಳ ಮಂದಿಯ ಕಥೆ ಇದೇ ಇರಬೇಕು.

ಪರಿಹಾರ ಸರಳ. ಟ್ರೇಯ ಮೇಲೆ ನಾಲ್ಕು ಗಿಡ್ಡ ಕಾಲಿನ ಒಂದು ಸ್ಟೀಲ್ ತಟ್ಟೆ, ರಾನಿನ ಅಗಲಕ್ಕಷ್ಟೇ. ಚರ್ಬಿ ಅದಕ್ಕೆ ಬೀಳುತ್ತದೆ, ಸುತ್ತ ನೀರು ತೆರೆದೇ ಇರುತ್ತದೆ. ತಟ್ಟೆಯ ಅಡಿಗೆ ಆವಿ ಹೊಡೆಯುವುದರಿಂದ ಅದು ಹೆಚ್ಚು ಕಾಯುವುದಿಲ್ಲ, ಚರ್ಬಿ ಹೊತ್ತುವುದಿಲ್ಲ. ಇದನ್ನು ಕೂರಿಸಿದ ದಿನದಿಂದ 120-130ರ ನಡುವೆ ಕಾವು ನಿಂತಿದೆ.

ಚರ್ಬಿ ಹೊತ್ತುವುದು ಎಂದೆ. ಟ್ರೇ ಪೂರ್ತಿ ಒಣಗಿದರೆ ಆಗುವುದು ಅದೇ, ಎರಡು ರಾನ್ ಒಟ್ಟಿಗೆ ಹೋದದ್ದೂ ಅದರಿಂದಲೇ. ಒಣಗಿದ ಟ್ರೇಯಲ್ಲಿ ಮಸಾಲೆ, ಚರ್ಬಿ ಕರಿದು ಬಿಳಿ ದಟ್ಟ ಹೊಗೆ ಎದ್ದಿತು, ಹತ್ತೇ ನಿಮಿಷಕ್ಕೆ ಮೇಲ್ಪದರ ಕಹಿಯಾಯಿತು. ಒಳಗಿನ ಖಂಡ ಚೆನ್ನಾಗಿದ್ದರೂ ಆ ವಾಸನೆ ಹೋಗಲಿಲ್ಲ. ಮುಚ್ಚಳ ತೆರೆದು ಜಗ್ಗಿನಿಂದ ಸುರಿಯಲು ಹೋದರೆ ಇನ್ನೊಂದು ಕೇಡು: ಒಂದು ಲೋಟ ಕೆಂಡದ ಮೇಲೆ ಚೆಲ್ಲಿದರೆ ಸಾಕು, ಬೂದಿ ಹಾರಿ ರಾನಿಗೆ ಮೆತ್ತಿಕೊಳ್ಳುತ್ತದೆ, ಒರೆಸಿದರೆ ಮಸಾಲೆಯೇ ಕಿತ್ತು ಬರುತ್ತದೆ. ಪ್ರತಿ ಸಲ ತೆರೆದಾಗಲೂ ಕಾವು ಮತ್ತೆ ಕೂರಲು ಇಪ್ಪತ್ತು ನಿಮಿಷ ಬೇಕು. ಅದಕ್ಕೆ ಡ್ರಮ್ಮಿನ ಪಕ್ಕಕ್ಕೆ ತೂತು ಕೊರೆಸಿ ಅರ್ಧ ಇಂಚಿನ ಸ್ಟೀಲ್ ಪೈಪನ್ನು ಟ್ರೇಯ ಮೂಲೆಗೆ ಇಳಿಸಿದ್ದೇನೆ. ಹೊರಗಿನ ತುದಿಗೆ ಆಲಿಕೆ ಇಟ್ಟು ತಾಸಿಗೊಮ್ಮೆ ಅರ್ಧದಿಂದ ಮುಕ್ಕಾಲು ಲೀಟರ್ ಕುದಿನೀರು ಹಾಕುತ್ತೇನೆ. ಆರು ತಾಸಿಗೆ ಒಟ್ಟು ನಾಲ್ಕು ಲೀಟರಿನ ಹತ್ತಿರ. ಒಳಗೆ ನೀರು ಎಷ್ಟಿದೆ ಎಂದು ಮುಚ್ಚಳ ತೆರೆಯದೆ ತಿಳಿಯಲು ಆ ಪೈಪಿನಲ್ಲೇ ಒಂದು ಉಪಾಯ ಮಾಡಿದ್ದೇನೆ, ಅದೊಂದು ನನ್ನ ಹತ್ತಿರವೇ ಇರಲಿ. ವೆಲ್ಡಿಂಗ್ ಗೊತ್ತಿರುವವರಿಗೆ ತಾನೇ ಹೊಳೆಯುತ್ತದೆ.

ಬೆಂಕಿ: ಜಾಲಿ ಇದ್ದಿಲು, ಕಿಲೋ 40ರ ಸುತ್ತಮುತ್ತ. ಪುಡಿ ಜರಡಿ ಹಿಡಿದು ತೆಗೆಯಬೇಕು, ಇಲ್ಲದಿದ್ದರೆ ಗಾಳಿ ಕಟ್ಟುತ್ತದೆ. ಡ್ರಮ್ಮಿನ ಒಂದು ಉದ್ದ ಗೋಡೆಗೆ ಹೊಂದಿಸಿ ಎರಡು ತುಂಡು ಅಗಲ, ಎರಡು ತುಂಡು ಎತ್ತರ ಸಾಲು ಕಟ್ಟಿ ಒಂದು ತುದಿಗೆ ಮಾತ್ರ ಹೊತ್ತಿಸುವುದು. ಹೊತ್ತಿಸಲು ತೊಗರಿ ಕಟ್ಟಿಗೆಗಿಂತ ಒಳ್ಳೆಯದು ನಮ್ಮ ಜಿಲ್ಲೆಯಲ್ಲಿ ಇನ್ನೇನಿದೆ! ನಾಲ್ಕು ಕಡ್ಡಿಗೆ ಕೆಂಡ ಹಿಡಿಯುತ್ತದೆ, ಸೀಮೆಎಣ್ಣೆ ವಾಸನೆ ಇಲ್ಲ. ಸಾಲು ಮೂರು ತಾಸು ನಡೆಯುತ್ತದೆ, ಆಮೇಲೆ ಪಕ್ಕದ ಬಾಗಿಲಿನಿಂದ ಮುಂದುವರಿಸಬೇಕು. ಎದುರು ಗೋಡೆಗೆ ಟ್ರೇ, ಅದರ ಮೇಲೆ ರಾನ್, ರಾನಿನ ಮಗ್ಗುಲಲ್ಲೇ ಹೊಗೆ ಕೊಳವೆ. ಮಳೆಗಾಲದ ಗಾಳಿ ಶುರುವಾದರೆ ಕಿಂಡಿ ಗಾಳಿಗೆ ಬೆನ್ನು ಮಾಡಿರಬೇಕು. ತಗಡಿನ ಶೆಡ್ ಮುಚ್ಚಿಕೊಂಡು ಮಾತ್ರ ಮಾಡಬೇಡಿ, ಇದ್ದಿಲ ಗಾಳಿ ಜೀವ ತೆಗೆಯುತ್ತದೆ.

ಇನ್ನು ಪಪ್ಪಾಯಿ. ಇದನ್ನು ಯಾರೂ ಹೇಳಿರಲಿಲ್ಲ, ಎರಡು ರಾನ್ ಕೊಟ್ಟು ಕಲಿತೆ. ಕಬಾಬಿಗೆ ಹಾಕುವ ಲೆಕ್ಕದಲ್ಲೇ, ಕಿಲೋಗೆ ಎರಡು ದೊಡ್ಡ ಚಮಚ ಹಸಿ ಪಪ್ಪಾಯಿ ಅರೆದು ರಾತ್ರಿ ಹಚ್ಚಿಟ್ಟು, ನೀರಿಟ್ಟು ಬೇಯಿಸಿದರೆ ಹೊರಗಿನ ಅರ್ಧ ಇಂಚು ಹಿಟ್ಟಿನಂತಾಯಿತು, ಒಳಗೆ ನಾರು ಹಾಗೇ ಇತ್ತು. ಕಾರಣ ನೋಡಿ: ಪಪ್ಪಾಯಿಯ ಕಿಣ್ವ ಫ್ರಿಜ್ಜಿನ ತಂಪಿನಲ್ಲಿ ಮೆಲ್ಲಗೆ ನಡೆಯುತ್ತದೆ, ಅದರ ಜೋರು 60-70 ಡಿಗ್ರಿಯ ಆಚೀಚೆ. ಸೀಕಿನ ಮೇಲೆ ಆ ಕಾವನ್ನು ಎರಡು ನಿಮಿಷದಲ್ಲಿ ದಾಟುತ್ತೇವೆ. ನೀರಿಟ್ಟ ಡ್ರಮ್ಮಿನಲ್ಲಿ ಮೇಲ್ಮೈ ಅದೇ ಕಾವಿನಲ್ಲಿ ತಾಸುಗಟ್ಟಲೆ ಕೂರುತ್ತದೆ, ಕಿಣ್ವಕ್ಕೆ ಹಬ್ಬ. ಈ ಪದ್ಧತಿಗೆ ಪಪ್ಪಾಯಿ ಪೂರ್ತಿ ಬಿಡಿ. ಮೆತ್ತಗೆ ಮಾಡುವ ಕೆಲಸವನ್ನು ಹೊತ್ತೇ ಮಾಡುತ್ತದೆ. ಹಚ್ಚುವ ಮಸಾಲೆ: ಕಟ್ಟಿದ ಮೊಸರು, ಕಿಲೋಗೆ 15 ಗ್ರಾಂ ಉಪ್ಪು, ಶುಂಠಿ ಬೆಳ್ಳುಳ್ಳಿ, ಬ್ಯಾಡಗಿ, ಕರಿಮೆಣಸು, ಶಾಜೀರಿಗೆ. ಇನ್ನೂ ಒಂದು ಸಾಮಾನು ಬೀಳುತ್ತದೆ, ಆರ್ಡರ್ ಬರುವುದೇ ಅದರ ವಾಸನೆಗೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಬೇರೆ ಪ್ರಯೋಗಗಳೂ ಆದವು. ನೀರಿಗೆ ಲವಂಗ, ಚಕ್ಕೆ, ಈರುಳ್ಳಿ ಹಾಕಿದರೆ ಓಣಿಗೆಲ್ಲ ಘಮ, ರಾನಿಗೆ ಏನೂ ಇಲ್ಲ. ಕಣ್ಣು ಮುಚ್ಚಿಸಿ ತಿನ್ನಿಸಿದಾಗ ಐವರಲ್ಲಿ ಒಬ್ಬರೂ ಗುರುತಿಸಲಿಲ್ಲ. ಮಸಾಲೆ ದುಡ್ಡು ದಂಡ. ಟ್ರೇಗೆ ಮರಳು ತುಂಬಿದರೆ ಕಾವು ನಿಲ್ಲುತ್ತದೆ, ಆದರೆ ತೇವ ಇರುವುದಿಲ್ಲ, ಮೇಲ್ಪದರ ಚರ್ಮದಂತಾಗುತ್ತದೆ. ಶಹಾಬಾದ್ ಕಲ್ಲಿನ ತುಂಡು ಕೆಂಡದ ಬದಿಗೆ ಇಟ್ಟದ್ದು ದೊಡ್ಡ ತಪ್ಪು: ಪದರ ಪದರದ ಕಲ್ಲು, ನಡುವೆ ಹಸಿ ಇದ್ದರೆ ಪಟಾಕಿಯಂತೆ ಸಿಡಿದು ಚೂರು ಹಾರುತ್ತದೆ. ಕಣ್ಣಿಗೆ ಬಿದ್ದರೆ ಗತಿ ಏನು, ಯಾರೂ ಮಾಡಬೇಡಿ. ಟ್ರೇಯಲ್ಲೇ ಪಾಯಾ (ಕಾಲು) ಬೇಯಿಸಿದೆ, ಶೋರ್ಬಾ (ಸಾರು) ಬಹಳ ಒಳ್ಳೆಯದಾಯಿತು, ಆದರೆ ಪಾಯಾದ ಜಿಡ್ಡೇ ನೀರಿನ ಮೇಲೆ ಕೂತು ಆವಿ ನಿಲ್ಲಿಸಿತು. ಕೋಳಿಗಂತೂ ನೀರು ಬೇಡವೇ ಬೇಡ, ತೊಗಲು ರಬ್ಬರಾಗುತ್ತದೆ.

ರಾನಿಗೆ ಖಸ್ಸಿ (ಬೀಜ ಒಡೆದ) ಹೋತಿನದೇ ಬೇಕು, ಉಸ್ಮಾನಾಬಾದಿ ತಳಿ ಸಿಕ್ಕರೆ ಇನ್ನೂ ಚಲೋ, ಎರಡು ಕಿಲೋದಿಂದ ಎರಡೂಕಾಲು. ಒಳಗಿನ ಕಾವು 68-72ಕ್ಕೆ ಬಂದು ತಾಸುಗಟ್ಟಲೆ ಅಲ್ಲೇ ನಿಲ್ಲುತ್ತದೆ. ಖಂಡದ ಮೇಲಿನ ಹಸಿ ಆರುತ್ತ ಕಾವು ಎಳೆದುಕೊಳ್ಳುವುದರಿಂದ ಹಾಗೆ. ಆ ಹೊತ್ತಿನಲ್ಲಿ ಕೆಂಡ ಕೆದಕಬಾರದು, ತಾನೇ ದಾಟುತ್ತದೆ. 88 ತೋರಿಸಿದ ಮೇಲೆ ಕೆಂಡದ ಬದಿಗೆ ಸರಿಸಿ, ತುಪ್ಪ ಸವರುತ್ತ ಒಂದೊಂದು ಮಗ್ಗುಲು ಏಳೆಂಟು ನಿಮಿಷ. "ಕುದಿಸಿದ್ದು" ಎಂದವರಿಗೆ ಬೇಕಾದ ಕರಿಗೆಂಪು ಪದರ ಇಲ್ಲೇ ಬರುತ್ತದೆ.

ತೂಕದಲ್ಲಿ ಹೇಳುವುದಾದರೆ, 2.1 ಕಿಲೋದ ರಾನ್ ನೀರಿಲ್ಲದೆ 1.1 ಕಿಲೋಗೆ ಇಳಿಯುತ್ತಿತ್ತು, ಈಗ 1.35ರ ಹತ್ತಿರ ಉಳಿಯುತ್ತದೆ. ಆವಿ ಮಾಡಲು ಕಾವು ಖರ್ಚಾಗುವುದರಿಂದ ಇದ್ದಿಲು ಎರಡೂವರೆಯ ಬದಲು ಮೂರೂವರೆ ಕಿಲೋ ಬೇಕು. 40 ರೂಪಾಯಿ ಹೆಚ್ಚಿಗೆ ಸುಟ್ಟು ಕಾಲು ಕಿಲೋ ಬೆಂದ ಮಟನ್ ಉಳಿಸಿದಂತಾಯಿತು. ಒಂದು ಡ್ರಮ್ಮಿಗೆ ಎರಡು ರಾನ್, ಒಂದಕ್ಕೆ 2,800ಕ್ಕೆ ಕೊಡುತ್ತೇನೆ. ಕಳೆದ ರಂಜಾನಿನಲ್ಲಿ ಒಂದು ವಾರ ಮೊದಲೇ ಆರ್ಡರ್ ನಿಲ್ಲಿಸಬೇಕಾಯಿತು.

ಇಳಿಸಿದ ಮೇಲೆ ದಪ್ಪ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಮುಕ್ಕಾಲು ತಾಸು ಇಡಿ. ನಳಿಯ ಎಲುಬು ಹಿಡಿದು ಒಮ್ಮೆ ತಿರುವಿದರೆ ಒಣಗಿ, ಬೆಳ್ಳಗೆ ಕೈಗೆ ಬರಬೇಕು. ಬಾರದಿದ್ದರೆ ಇನ್ನೂ ಅರ್ಧ ತಾಸು ಡ್ರಮ್ಮಿಗೆ ವಾಪಸ್. ಟ್ರೇಯನ್ನು ಅಂದೇ ರಾತ್ರಿ ತೊಳೆಯಿರಿ. ನಮ್ಮ ಬೋರಿನ ನೀರು ಗಡಸು, ಆರು ತಾಸು ಕುದ್ದರೆ ತಳದಲ್ಲಿ ಸುಣ್ಣದಂಥ ಬಿಳಿ ಪದರ ಹಿಡಿಯುತ್ತದೆ. ಹುಣಸೆ ನೀರು ಹಾಕಿ ನೆನೆಸಿಟ್ಟರೆ ಬೆಳಗ್ಗೆ ಉಜ್ಜಿದೊಡನೆ ಬಿಡುತ್ತದೆ.