ಕುಡ್ಜು ಬೇರಿನಿಂದ ಹಿಟ್ಟು: ನನ್ನ ಅನುಭವ

ಅಮೆರಿಕದ ಅಟ್ಲಾಂಟಾ ಸುತ್ತಮುತ್ತ ಮರಗಿಡಗಳನ್ನೆಲ್ಲ ಮುಚ್ಚಿಹಾಕುವ ಕುಡ್ಜು ಬಳ್ಳಿಯ ಬೇರಿನಿಂದ ಈ ಚಳಿಗಾಲ ಕೊನೆಗೂ ಬೆಳ್ಳನೆಯ ಹಿಟ್ಟು ತೆಗೆದೆ. ಕೂವೆ (ಆರಾರೂಟ್) ಹಿಟ್ಟು ಮಾಡಿ ಗೊತ್ತಿದ್ದವರಿಗೆ ಮಾತ್ರ ಇದನ್ನು ಬರೆಯುತ್ತಿದ್ದೇನೆ.

"ಎಂತ ಮರುಳೋ ನಿನಗೆ, ನಾರಿನ ಬೇರಲ್ಲಿ ಹಿಟ್ಟಿರ್ತದಾ?" ಅಂದಿದ್ದಳು ಶಿರಸಿಯಿಂದ ಅಮ್ಮ. ಚೀನಾದ ಕ್ಯಾಂಟನ್ ಕಡೆಯ ಸಹೋದ್ಯೋಗಿಯ ವಾದ ಇನ್ನೂ ಗಟ್ಟಿ. ಚೀನೀ ವೈದ್ಯರು ಜ್ವರಕ್ಕೆ, ಕುತ್ತಿಗೆ ಹಿಡಿತಕ್ಕೆ ಕಷಾಯ ಮಾಡುವ ಗೆ-ಗೆನ್ ಎಂಬ ಮದ್ದಿನ ಬೇರು ಇದು. ಹಿಟ್ಟಿರುವುದು ಅವರ ಮನೆಯ ಸೂಪಿಗೆ ಬೀಳುವ ಫೆನ್-ಗೆ ಎಂಬ ಇನ್ನೊಂದು ಬಗೆಯ ಬೇರಿನಲ್ಲಿ ಅಂತೆ. ಚೀನಾದ ಫಾರ್ಮಕೋಪಿಯಾ (ಅಧಿಕೃತ ಔಷಧಕೋಶ) ಕೂಡ 2005ರಿಂದ ಎರಡನ್ನೂ ಬೇರೆ ಮಾಡಿದೆ. ಇರಲಿ, ಜಪಾನಿನ ಯೋಶಿನೋದವರು ಹಿಟ್ಟು ತೆಗೆಯುವುದು ಈ ನಾರುಬೇರಿನಿಂದಲೇ ಅಲ್ಲವೇ!

ತುರಿಯಲು ಹೋದರೆ ತುರಿಮಣೆಯ ಹಲ್ಲು ಬಗ್ಗಿತು. ಮಿಕ್ಸಿಯ ಬ್ಲೇಡಿಗೆ ನಾರು ಸುತ್ತಿ ಮೋಟಾರು ಸುಟ್ಟು 150 ಡಾಲರ್ ಹೋಯಿತು. ಬಾಡಿಗೆಗೆ ತಂದ ಚಿಪ್ಪರ್‌ಗೆ (ಕೊಂಬೆ ಚೂರು ಮಾಡುವ ಯಂತ್ರ) ಇನ್ನೊಂದು ನೂರು ಚಿಲ್ಲರೆ. ಬೇರು ಚೂರಾಯಿತು, ಹಿಟ್ಟು ಬಿಡಲಿಲ್ಲ. ಕೆಲಸಕ್ಕೆ ಬಂದದ್ದು ಕಲ್ಲು, ಸುತ್ತಿಗೆ. ಗೇಣುದ್ದದ ತುಂಡನ್ನು ನಾರು ಎಳೆಎಳೆಯಾಗುವ ತನಕ ಜಜ್ಜಿ ನೀರಲ್ಲಿ ಹಿಂಡಬೇಕು. ಬರುವ ನೀರು ಕಾಫಿ ಡಿಕಾಕ್ಷನ್ನೇ ಸೈ.

ಕೂವೆ ಮೂರ್ನಾಲ್ಕು ನೀರಿಗೆ ಬೆಳ್ಳಗಾದರೆ ಇದಕ್ಕೆ ಹತ್ತಾದರೂ ಬೇಕು, ಪ್ರತಿ ಸಲ ರಾತ್ರಿಯಿಡೀ ತಳ ಕಟ್ಟಬೇಕು. ಹೀಟರ್ ಇರುವ ಅಡುಗೆಮನೆಯಲ್ಲಿ ಅಷ್ಟರೊಳಗೆ ಹುಳಿ ನಾತ ಹೊಡೆಯುತ್ತದೆ. ಜನವರಿ ಚಳಿಗೆ ಬಕೆಟ್ಟು ಹೊರಗಿಟ್ಟ ಮೇಲೇ ಕೈಗೂಡಿದ್ದು. ಮೇಲೆ ಕಂದು ನೀರು, ನಡುವೆ ಬೂದು ಕೆಸರು, ತಳದಲ್ಲಿ ಬಿಳಿ. ಬೂದು ಪದರವನ್ನು ಚಮಚದಿಂದ ಕೆರೆದು ಚೆಲ್ಲಿ, ಜಿಪುಣತನ ಬೇಡ.

ಹತ್ತು ಕಿಲೋ ಬೇರಿಗೆ ಅರ್ಧ ಕಿಲೋ ಆಸುಪಾಸು ಸಿಕ್ಕಿತು. ಅಂಗಡಿಯ ಜಪಾನಿ ಹಿಟ್ಟು ನೂರು ಗ್ರಾಮಿಗೆ ಏಳೆಂಟು ಡಾಲರ್. ಮಿಕ್ಸಿ ಲೆಕ್ಕ ಹಿಡಿದರೆ ನನ್ನದೇ ದುಬಾರಿ, ಆದರೆ ಬಿಳುಪಲ್ಲಿ ನನ್ನದು ಸೋತಿಲ್ಲ.

ಅಗೆಯುವುದು ಎಲೆ ಉದುರಿದ ಮೇಲೆ. ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಐವಿ ಬಳ್ಳಿಗೂ ಮೂರೇ ಎಲೆ, ಬೋಳಾದಾಗ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಬೇಸಿಗೆಯಲ್ಲೇ ಕುಡ್ಜು ಬುಡಕ್ಕೆ ಬಣ್ಣದ ಪಟ್ಟಿ ಕಟ್ಟಿಡಿ. ರಸ್ತೆ ಬದಿಯದು ಬೇಡ, ಕಳೆನಾಶಕ ಬಿದ್ದಿರುತ್ತದೆ. 1930ರ ದಶಕದಲ್ಲಿ ಮಣ್ಣು ಕೊಚ್ಚಿಹೋಗದಿರಲೆಂದು ಸರ್ಕಾರ ಎಕರೆಗೆ 8 ಡಾಲರ್ ತನಕ ಕೊಟ್ಟು ನೆಡಿಸಿದ ಬಳ್ಳಿಯಿದು. ಈಗ ಜಮೀನಿನವರನ್ನು ಕೇಳಿದರೆ ಗುದ್ದಲಿಯನ್ನೂ ಅವರೇ ಕೊಡುತ್ತಾರೆ. ಯಾವ ಬುಡದಲ್ಲಿ ಹಿಟ್ಟಿದೆ ಎಂದು ಅಗೆಯುವ ಮುಂಚೆಯೇ ನನಗೆ ತಿಳಿಯುತ್ತದೆ. ಹೇಗೆಂಬುದು ಸದ್ಯ ನನ್ನಲ್ಲೇ ಇರಲಿ.

ಚಿಗುರಿನ ತಂಬುಳಿಯನ್ನೂ ಮಾಡಿ ನೋಡಿದೆ, ಬರೀ ಹುಲ್ಲು ವಾಸನೆ. ಹಿಟ್ಟಿನ ಮಣ್ಣಿ (ಹಲ್ವದಂಥ ಸಿಹಿ) ಮಾತ್ರ ಸೊಗಸಾಗಿ ಬಂತು. ಕೂವೆಯ ಅಳತೆಗಿಂತ ನೀರು ಒಂದು ಲೋಟ ಜಾಸ್ತಿ ಹಾಕಿ, ಇಲ್ಲವಾದರೆ ಸೌಟು ತಿರುಗುವುದಿಲ್ಲ.